ಹರಕೆಯ ಕೊಡ ತುಂಬಿದ ದಿನ

ಬಹಳ ಹಿಂದೆ, ಮೋಡಗಳು ನೆಲದ ಮೇಲೇ ಓಡಾಡುತ್ತಿದ್ದ ಕಾಲದಲ್ಲಿ, ನೀಲಗೋಡು ಎಂಬ ರಾಜ್ಯವಿತ್ತು. ರಾಜ್ಯಕ್ಕೆಲ್ಲ ಒಂದೇ ಸಿಹಿನೀರಿನ ಬುಗ್ಗೆ. ಧೂಮಾಂಗನೆಂಬ ಮಾಂತ್ರಿಕ ಅದಕ್ಕೆ ಗೋಡೆ ಕಟ್ಟಿ, ಬಾಗಿಲಲ್ಲಿ ಮಾಯಾಹುಲಿಯನ್ನು ಕಾವಲಿಟ್ಟಿದ್ದ. ಅವನ ಶಕ್ತಿಯೆಲ್ಲ ಆ ಹುಲಿಯಲ್ಲಿತ್ತು. ಹುಲಿಗೆ ಏಟೇ ಊಟ, ಬೈಗುಳವೇ ಉಪ್ಪಿನಕಾಯಿ. ರಾಜನ ಸೈನಿಕರು ವರ್ಷಗಟ್ಟಲೆ ಈಟಿಯಿಂದ ತಿವಿದು ತಿವಿದು ಅದನ್ನು ಆನೆಗಾತ್ರ ಮಾಡಿಟ್ಟಿದ್ದರು. ಮಹಾ ಬುದ್ಧಿವಂತರು, ಏನು ಹೇಳೋಣ!

ಹೂ ಕಟ್ಟುವ ಸಿಂಗಾರಿಯ ಅಣ್ಣ ಕೆಂಚ ನೀರು ಕೇಳಲು ಹೋಗಿ, ಸಿಟ್ಟಿನಲ್ಲಿ ಕೊಡಲಿ ಎತ್ತಿದ್ದ. ಎತ್ತಿದ ಕೈ ಹಾಗೇ ಇರುವಂತೆ ಮಾಂತ್ರಿಕ ಅವನನ್ನು ಬಾಗಿಲ ಪಕ್ಕ ಕಲ್ಲು ಮಾಡಿದ. ಸಿಂಗಾರಿಗೆ ಬೇರೆ ಯಾರೂ ಇರಲಿಲ್ಲ.

ಊರವರ ದೇವತೆ ಬುಗ್ಗೆಯಮ್ಮ. ಅವಳ ಹರಕೆಯ ಕೊಡ ಹೊತ್ತವರು ಕೈ ಎತ್ತಬಾರದು, ಬೈಯಬಾರದು, ಕೊಡ ತುಂಬದೆ ಮರಳಬಾರದು. ಬುಗ್ಗೆ ಕೈತಪ್ಪಿದ ಮೇಲೆ ಜನ ಖಾಲಿ ಕೊಡ ಹೊತ್ತು ಗುಡಿ ಸುತ್ತುತ್ತಿದ್ದರು. ಪೂಜಾರಿ ನಂಜಯ್ಯ ಉಪ್ಪುಬಾವಿಯ ನಾಲ್ಕು ಹನಿ ಚಿಮುಕಿಸಿ, "ತುಂಬಿತು" ಅನ್ನುತ್ತಿದ್ದ. ಎಲ್ಲರೂ ಮನೆಗೆ ಹೋಗುತ್ತಿದ್ದರು.

ಆ ವರ್ಷ ಸಿಂಗಾರಿ ಕೇಳಿಯೇಬಿಟ್ಟಳು: "ಪೂಜಾರಪ್ಪ, ಅಮ್ಮನ ಕಣ್ಣಿಗೆ ಇದು ತುಂಬಿದ ಹಾಗೆ ಕಾಣುತ್ತಾ?"

ನಂಜಯ್ಯ ತಲೆ ತಗ್ಗಿಸಿದ. "ಇಲ್ಲ ತಾಯಿ."

"ಹಾಗಾದರೆ ಬುಗ್ಗೆಗೇ ಹೋಗೋಣ."

ಅವನು ತಾನೂ ಒಂದು ಕೊಡ ಹೊತ್ತು ಹೊರಟ. ಹಿಂದೆ ಊರೇ ಹೊರಟಿತು.

ಹುಲಿ ಘರ್ಜಿಸಿ, ಬಾಲ ಬೀಸಿ, ನಾಲ್ಕಾರು ಕೊಡ ಒಡೆಯಿತು. ಒಬ್ಬ ಯುವಕ ಕಲ್ಲು ಎತ್ತಿಕೊಂಡ. ಪಕ್ಕದ ಅಜ್ಜಿ ಅವನ ಮಣಿಕಟ್ಟು ಹಿಡಿದಳು. "ತಲೆ ಮೇಲೆ ಅಮ್ಮ ಇದ್ದಾಳೆ. ಕೈ ಇಳಿಸಪ್ಪ." ಎಲ್ಲರೂ ಬಾಗಿಲ ಮುಂದೆ ಕೂತರು. ಏಟು ಸಿಗದ ಹುಲಿ ಎಮ್ಮೆಯಷ್ಟಾಯಿತು.

ಧೂಮಾಂಗ ಗೋಡೆ ಹತ್ತಿ ಅವರ ಅಪ್ಪ, ಅಜ್ಜ, ದೇವರು ಯಾರನ್ನೂ ಬಿಡದೆ ಬೈದ. ಜನರಿಗೆ ಮೈ ಉರಿಯಿತು. ಆದರೂ ಒಬ್ಬರೂ ಬೈಯಲಿಲ್ಲ. ಹುಲಿ ನಾಯಿಯಷ್ಟಾಯಿತು.

ಆಗ ಅವನು ದನಿ ಇಳಿಸಿ ಸಿಂಗಾರಿಗೆ ಹೇಳಿದ: "ಮಗಳೇ, ಇವರನ್ನು ವಾಪಸ್ ಕರೆದುಕೊಂಡು ಹೋಗು. ನಿನ್ನಣ್ಣನನ್ನು ಈಗಲೇ ಕೊಡುತ್ತೇನೆ."

ಸಿಂಗಾರಿ ಕಲ್ಲಿನ ಮುಖ ನೋಡಿದಳು. ಎದ್ದು ನಿಂತಳು. ಸುತ್ತ ಕೂತವರೆಲ್ಲ ಅವಳನ್ನೇ ನೋಡುತ್ತಿದ್ದರು.

"ಅಣ್ಣ ಬಂದದ್ದೂ ನೀರಿಗೇ," ಎಂದಳು ಅಳುತ್ತಾ. "ಕೊಡ ತುಂಬದೆ ನಾನು ಹೋಗಲ್ಲ." ಮತ್ತೆ ಕೂತಳು.

ಕೊನೆಯ ತುತ್ತೂ ಸಿಗದ ಹುಲಿ ಬೆಕ್ಕಿನ ಮರಿಯಾಯಿತು, ಮಿಯಾಂವ್ ಎಂದಿತು. ಮಾಂತ್ರಿಕನ ಗೋಡೆ ಹೊಗೆಯಾಗಿ ಕರಗಿತು. ಅವನು ದೊಪ್ಪೆಂದು ನೆಲಕ್ಕೆ ಬಿದ್ದ, ಸೊಂಟ ಹಿಡಿದುಕೊಂಡು ಕೂತ.

ಕಲ್ಲಾಗಿದ್ದ ಕೆಂಚನಿಗೆ ಜೀವ ಬಂತು. ಎತ್ತಿದ್ದ ಕೊಡಲಿಯನ್ನು ನೇರ ಧೂಮಾಂಗನ ತಲೆಯತ್ತ ಬೀಸಿದ. ಸಿಂಗಾರಿ ಓಡಿ ಆ ಕೈಯನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದಳು.

"ಕೈ ಇಳಿಸಣ್ಣ. ನೀರು ಸಿಕ್ಕಿತು."

ಆಮೇಲೆ ನೀಲಗೋಡಿನಲ್ಲಿ ಎಲ್ಲರೂ ಸಿಹಿನೀರು ಕುಡಿದು ಸುಖವಾಗಿದ್ದರು. ಧೂಮಾಂಗನೂ ದಿನಾ ಸಾಲಿನಲ್ಲಿ ನಿಂತು ಒಂದು ಕೊಡ ಒಯ್ಯುತ್ತಿದ್ದ.