ಬರಿದಾದ ಚೌಕಟ್ಟು

"ಅಣ್ಣನ ಮದುವೆ ಫೋಟೋ ಕಳುವಾಗಿದೆ. ಕದ್ದೋಳು ಯಾರು ಅಂತಾನೂ ಗೊತ್ತು. ನೀವು ಬಂದು ಬಾಯಿ ಬಿಡಿಸಿದ್ರೆ ಸಾಕು," ಎಂದು ಆ ಹೆಂಗಸು ಕುಳಿತುಕೊಳ್ಳುವ ಮೊದಲೇ ಹೇಳಿದರು.

ಆಕೆ ಹುಡುಕಿ ಬಂದಿದ್ದ ನನ್ನ ಗೆಳೆಯ ವಿಮಾ ಕಂಪನಿಯಲ್ಲಿ ಪತ್ತೇದಾರರಾಗಿದ್ದು ನಿವೃತ್ತರಾದವರು. ಹಿಡಿದದ್ದನ್ನು ಬಿಡದ ಕಾರಣ ಅವರಿಗೆ ‘ಜಿಗಣೆ’ ಎಂಬ ಹೆಸರು ಬಿದ್ದಿತ್ತು.

"ಗೊತ್ತಿದ್ರೆ ನಾನ್ಯಾಕಮ್ಮಾ?"

"ಅಣ್ಣನ್ನ ನೋಡ್ಕೊಳ್ಳೋ ಆಯಾ ಒಪ್ತಾ ಇಲ್ಲ. ಅತ್ತಿಗೆ ಬೇರೆ ಅವಳ ಪರ. ಅವಳನ್ನ ಗೊತ್ತು ಮಾಡಿದ್ದು ನಾನು. ನಾಳೆಯಿಂದ ಬರಬೇಡ ಅಂದಿದ್ದೀನಿ."

ಅಣ್ಣನಿಗೆ ಅಲ್ಝೈಮರ್ ಎಂಬ ಮರೆವಿನ ರೋಗ. ಆಯಾ ಹೋದರೆ ಅತ್ತಿಗೆಗೆ ಕೈನೆರವು ಇರಲಿಲ್ಲ. ನಾವು ಕೂಡಲೇ ಹೊರಟೆವು.

ಮನೆಯ ಮುಂದಿನ ಕೋಣೆ ಒಂದು ಕಾಲಕ್ಕೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಾಗಿತ್ತು. ಒಳಗೆ, ಮುದುಕರ ಅಂಗಿಗೆ ಗುಂಡಿ ಹಾಕುತ್ತ ಹೆಂಡತಿ ಬಗ್ಗಿ ನಿಂತಿದ್ದರು.

"ತಾಯಿ, ನಿಮ್ಮ ಮನೇಲಿ ಕಾಯ್ತಿರ್ತಾರೆ, ನೀವು ಹೊರಡಿ," ಎಂದರು ಮುದುಕರು. "ನನ್ನ ಹೆಂಡತಿ ಈಗ ಬಂದ್ಬಿಡ್ತಾಳೆ."

ಆಕೆ ಮುಂದಿನ ಗುಂಡಿ ಹಾಕಿದರು.

ಗೋಡೆಯ ಮೇಲಿನ ಬೆಳ್ಳಿ ತಗಡಿನ ಚೌಕಟ್ಟು ಇದ್ದಲ್ಲೇ ಇತ್ತು. ಒಳಗಿನ ಚಿತ್ರ ಮಾತ್ರ ಇರಲಿಲ್ಲ.

"ನಾನು ಕಳ್ಳಿಯಾದ್ರೆ ಬೆಳ್ಳಿ ಬಿಟ್ಟು ಕಾಗದ ಒಯ್ತಿದ್ನಾ ಸಾರ್?" ಎಂದಳು ಆಯಾ. "ಬಡವಿ ಇರಬಹುದು, ದಡ್ಡಿ ಅಲ್ಲ!"

"ನಮ್ಮ ಕಣ್ಣಿಗೆ ಮಣ್ಣೆರಚೋಕೆ ಹಾಗೆ ಮಾಡಿದ್ದೀಯ," ಎಂದರು ನಮ್ಮನ್ನು ಕರೆತಂದ ನಾದಿನಿ.

"ಅವಳಲ್ಲ," ಎಂದರು ಹೆಂಡತಿ. "ಹೋಗಲಿ ಬಿಡಿ. ಹುಡುಕೋದು ಬೇಡ."

ಜಿಗಣೆ ಚೌಕಟ್ಟನ್ನು ತಿರುಗಿಸಿದರು. ಬೆನ್ನಿಗೆ ಹೊಸ ಕಾಗದ, ಒಂದು ಸುಕ್ಕೂ ಇಲ್ಲದಂತೆ ಅಂಟಿತ್ತು. ಬಳಿಕ ಗೋಡೆಯಲ್ಲಿದ್ದ ಎಲ್ಲವನ್ನೂ, ಕನ್ನಡಿಯನ್ನೂ ಬಿಡದೆ, ತಿರುಗಿಸಿ ನೋಡಿದರು.

"ಅಂಗಡೀಲಿ ಈ ಕಾಗದ ಅಂಟಿಸ್ತಿದ್ದೋರು ಯಾರು?"

"ಅಣ್ಣ ಮರ ಕುಯ್ದು ಮೊಳೆ ಹೊಡೆಯೋನು. ಅಂಟಿನ ಕೆಲಸ ಅತ್ತಿಗೇದು," ಎಂದರು ನಾದಿನಿ.

"ನಿಮ್ಮಣ್ಣ ಅತ್ತಿಗೇನ ಹೇಗೆ ಕರೀತಿದ್ರು?"

"‘ಲೇ’ ಅಂತ. ಬೀದಿಗೆಲ್ಲ ಕೇಳಿಸೋ ಹಾಗೆ."

ಜಿಗಣೆ ಎಲ್ಲರನ್ನೂ ಅಂಗಡಿಯ ಹಲಗೆಯ ಸುತ್ತ ಕೂರಿಸಿದರು.

"ಕಳ್ಳ ಚೌಕಟ್ಟಿನ ಸಮೇತ ಒಯ್ತಾನೆ. ಅವಸರದವನು ಬೆನ್ನು ಹರೀತಾನೆ. ಇಲ್ಲಿ ಚಿತ್ರ ತೆಗೆದವರು ಕೂತು, ಅಂಟು ಹಚ್ಚಿ, ಬೆನ್ನು ಮುಚ್ಚಿದ್ದಾರೆ. ತೆರೆದ ಬೆನ್ನನ್ನ ಹಾಗೇ ಬಿಡೋಕೆ ಆ ಕೈಗೆ ಬರೋದಿಲ್ಲ. ಆಯಾಗೆ ಈ ಕಸುಬು ಗೊತ್ತಿಲ್ಲ. ಯಜಮಾನರಿಗೆ ಈಗ ಗುಂಡಿ ಹಾಕೋದೂ ಆಗೋದಿಲ್ಲ. ಕಳಕೊಂಡವರು ಹುಡುಕಬೇಡಿ ಅನ್ನೋದೂ ಇಲ್ಲ. ಈ ಮನೇಲಿ ಹೊಸ ಬೆನ್ನು ಇನ್ನೊಂದಿದೆ, ಕನ್ನಡಿಯದು. ಚಿತ್ರ ಅದರ ಹಿಂದಿದೆ. ಯಾಕೆ ಅನ್ನೋದು ನಾನು ಒಳಗೆ ಬಂದಾಗಲೇ ಕೇಳಿಸ್ತು. ‘ಲೇ’ ಅಂತಿದ್ದವರು ಈಗ ‘ನೀವು’ ಅಂತಾರೆ."

ನಾದಿನಿ ಬಾಯಿಗೆ ಸೆರಗು ಹಿಡಿದರು. ಹೆಂಡತಿ ಮಾತ್ರ ನೆಟ್ಟಗೆ ಕುಳಿತಿದ್ದರು.

"ದಿನಾ ಆ ಫೋಟೋ ತೋರಿಸಿ, ‘ಇವಳು ಬರೋ ಹೊತ್ತಾಯ್ತು, ನೀವು ಹೊರಡಿ’ ಅಂತಾರೆ. ನನಗೆ ನಾನೇ ಸವತಿ ಆಗ್ಬಿಟ್ಟೆ. ಅವಳು ಕಣ್ಣೆದುರಿಗೆ ಇಲ್ಲದಿದ್ರೆ ನನ್ನ ಮುಖ ನೋಡ್ತಾರೇನೋ ಅಂದ್ಕೊಂಡೆ."

"ನೋಡಿದ್ರಾ?" ಎಂದರು ಜಿಗಣೆ.

"ಇಲ್ಲ. ಅವಳನ್ನ ನೆನೆಸಿಕೊಂಡು ಅತ್ತರು." ಆಮೇಲೆ ಆಯಾ ಕಡೆ ತಿರುಗಿದರು. "ಬೇರೆಯವರ ಮೇಲೆ ಅಪವಾದ ಬರುತ್ತೆ ಅಂತ ಯೋಚನೆ ಮಾಡ್ಲಿಲ್ಲ. ಬಂದಾಗ ಹೇಳೋಕೆ ನಾಚಿಕೆಯಾಯ್ತು ಕಣೇ."

"ನಾಳೆ ಬಾರಮ್ಮ," ಎಂದರು ನಾದಿನಿ, ತಲೆಯೆತ್ತದೆ.

"ಬರ್ತೀನಿ. ಕಾಗದ ಗೀಗದ ಎಲ್ಲಾ ಬೀಗ ಹಾಕಿಡಿ ಮತ್ತೆ!" ಎಂದ ಆಯಾಳ ಕಣ್ಣು ಒದ್ದೆಯಾಗಿತ್ತು.

ನಾವು ಚಪ್ಪಲಿ ಮೆಟ್ಟುವಾಗ, ಕನ್ನಡಿಯ ಹಿಂದಿನಿಂದ ತೆಗೆದ ಚಿತ್ರ ಮುದುಕರ ತೊಡೆಯ ಮೇಲಿತ್ತು. ಅವರು ಅದನ್ನು ಅಂಗೈಯಿಂದ ಒರೆಸುತ್ತಿದ್ದರು. ಹೆಂಡತಿ ತಟ್ಟೆ ಹಿಡಿದು ಎದುರಿಗೆ ಕುಳಿತರು.

"ಊಟ ಮಾಡಿ."

"ಇವಳು ಬರಲಿ ತಾಯಿ. ಒಟ್ಟಿಗೆ ಮಾಡ್ತೀವಿ."

"ಬರೋದು ತಡ ಆಗುತ್ತಂತೆ," ಎಂದರು ಆಕೆ. "ನಿಮಗೆ ಉಣಿಸು ಅಂತ ನನಗೆ ಹೇಳಿ ಹೋಗಿದ್ದಾಳೆ."

ಮುದುಕರು ಬಾಯಿ ತೆರೆದರು.