ಹೊಟ್ಟಿನಲ್ಲಿ ಸಿಕ್ಕ ಬೀದಿ

"ಇಲ್ಲಿ ಜರಡಿ ಅಂದ್ರೆ ಯಾರು?"

ಬಾಗಿಲಲ್ಲಿ ನಿಂತವನ ದನಿ ಮೆಲ್ಲಗೇ ಇತ್ತು. ಆದರೂ ಅವಳ ಎದೆ ಧಸಕ್ಕೆಂದಿತು. ಆ ಆಫೀಸಿಗೆ ಯಾರಾದರೂ ಖುದ್ದಾಗಿ ಬಂದರೆ ಜಗಳಕ್ಕೇ ಬಂದಿದ್ದಾರೆ ಎಂದು ತಿಳಿಯಬೇಕು.

ಅವನ ಬೆರಳ ತುದಿಗಳಲ್ಲಿ ಎಣ್ಣೆಯ ಕಪ್ಪು. ಕಂಕುಳಲ್ಲಿ ಹೊಲಿಗೆ ದಾರದಿಂದ ಕಟ್ಟಿದ ಕಾಗದದ ಕಂತೆ.

"ನಾನೇ... ಏನಾಗಬೇಕಿತ್ತು?" ಎಂದಳು. ಮೇಜಿನ ಕೆಳಗೆ ಕೈಗಳು ಒಂದನ್ನೊಂದು ಹಿಡಿದುಕೊಂಡಿದ್ದವು.

ಅವಳ ಕೆಲಸವೇ ಅಂಥದ್ದು. ಹೊರದೇಶದ ಬ್ಯಾಂಕುಗಳ ಹಣದಲ್ಲಿ ಎಲ್ಲೆಲ್ಲಿ ರಸ್ತೆ, ಸೇತುವೆ, ಕಾಲುವೆ ಬರಲಿವೆ ಎಂಬ ವಿವರವನ್ನು ಆ ಬ್ಯಾಂಕುಗಳ ವೆಬ್‌ಸೈಟುಗಳಿಂದ ಹೆಕ್ಕಿ ತೆಗೆಯುವುದು. ಅಲ್ಲಿ ಎಲ್ಲವೂ ಬಹಿರಂಗವಾಗಿಯೇ ಇರುತ್ತದೆ. ಆದರೆ ಸಾವಿರಾರು ಪುಟಗಳ ನಡುವೆ ತನ್ನ ಬೀದಿಯನ್ನು ಹುಡುಕಲು ಯಾರಿಗೆ ಪುರುಸೊತ್ತಿದೆ? ಅವಳು ಕಂಪ್ಯೂಟರಿಗೆ ನಿಯಮ ಬರೆದು, ಬೇಕಾದ್ದನ್ನು ಉಳಿಸಿ ಬೇಡದ್ದನ್ನು ಬೀಳಿಸುತ್ತಿದ್ದಳು. ಅದಕ್ಕೇ ಆಫೀಸಿನಲ್ಲಿ ಅವಳ ಹೆಸರು ಜರಡಿ. ಉಳಿದದ್ದು ಪತ್ರವಾಗಿ ಆಯಾ ಬೀದಿಗೆ ಹೋಗುತ್ತಿತ್ತು. ಬಿದ್ದದ್ದು 'ಹೊಟ್ಟು' ಎಂಬ ಫೈಲಿಗೆ.

ಪ್ರತಿ ಶುಕ್ರವಾರ ಸಂಜೆ ಆ ಹೊಟ್ಟನ್ನೂ ಒಮ್ಮೆ ಕಣ್ಣಾರೆ ಓದಲೇಬೇಕು. ಇದು ಹಿರಿಯಕ್ಕನ ಕಟ್ಟುನಿಟ್ಟಿನ ಮಾತು. ಹಿರಿಯಕ್ಕ ಎಂದರೆ ನಿವೃತ್ತಿಯ ನಂತರ ಈ ಆಫೀಸು ಕಟ್ಟಿದ ಲೈಬ್ರರಿ ಮೇಡಂ. ಕನ್ನಡಕದ ಮೇಲಿನಿಂದ ನೋಡಿದರೆ ಸಾಕು, ತಪ್ಪು ತಾನಾಗಿ ಎದ್ದು ನಿಲ್ಲುತ್ತಿತ್ತು.

ಅವತ್ತು ಶುಕ್ರವಾರ. ಹೊಟ್ಟಿನ ಫೈಲು ಅವಳ ಮುಂದೆ ತೆರೆದೇ ಇತ್ತು.

ಅವನು ಕಂತೆ ಬಿಚ್ಚಿದ. ಎಲ್ಲವೂ ಅವಳೇ ಕಳಿಸಿದ ಪತ್ರಗಳು. ಒಂದರ ಕೆಳಗೆ ಬೆರಳಿಟ್ಟ. ಪ್ರತಿ ಪತ್ರದ ಕೊನೆಗೂ ಅವಳು ಕೈಬರಹದಲ್ಲಿ ಸೇರಿಸುತ್ತಿದ್ದ ಸಾಲದು: 'ಅರ್ಥ ಆಗದಿದ್ದರೆ ಕೇಳಿ, ನಾಚಿಕೆ ಬೇಡ.'

"ಕೇಳೋಕೆ ಬಂದಿದ್ದೀನಿ," ಎಂದ. "ಈ 'ಬಾಧಿತರು' ಅಂದ್ರೆ ಯಾರು?"

ಅವಳಿಗೆ ನಗು ಬಂತು. ಹೆದರಿಕೆ ಇಳಿದ ಮೇಲೆ ಬರುವ ನಗು ನಿಲ್ಲಿಸುವುದು ಕಷ್ಟ.

ಅವನು ಹೊಲಿಗೆ ಮಿಷನ್ ರಿಪೇರಿ ಮಾಡುವವನಂತೆ. ಸುತ್ತಲ ಬೀದಿಗಳಿಗೆ ಪತ್ರ ಬಂದಾಗಲೆಲ್ಲ ಜನರನ್ನು ಕೂರಿಸಿಕೊಂಡು ಓದಿ ಹೇಳುವುದರಿಂದ ಎಲ್ಲರೂ ಅವನನ್ನು ಮಿಷನ್ ಮೇಷ್ಟ್ರು ಅನ್ನುತ್ತಾರಂತೆ. ವಾಸ ಅಕ್ಕನ ಜೊತೆ, ಕಾಲುವೆ ಪಕ್ಕದ ಗೋದಾಮು ಬೀದಿಯಲ್ಲಿ.

"ಗೋದಾಮಿನಲ್ಲಾ?"

"ಹೆಸರಿಗೆ ಗೋದಾಮು. ಒಳಗೆ ಸಂಸಾರಗಳಿವೆ. ಎಲ್ರೂ ಹೊಲಿಯೋರೇ."

ಮಾತು ಮುಗಿಯುವ ಹೊತ್ತಿಗೆ ಆಫೀಸು ಮುಚ್ಚುವ ಸಮಯವಾಗಿತ್ತು. ಹೊಟ್ಟು ಓದಿಯಾಗಿರಲಿಲ್ಲ. 'ಸೋಮವಾರ ನೋಡಿದರಾಯಿತು' ಎಂದುಕೊಂಡಳು. ಸೋಮವಾರಕ್ಕೆ ಸೋಮವಾರದ್ದೇ ಕೆಲಸವಿತ್ತು.

ಮುಂದಿನ ಶುಕ್ರವಾರ ಅವನು 'ಪುನರ್ವಸತಿ'ಗೆ ಅರ್ಥ ಕೇಳಲು ಬಂದ. ಅದರ ಮುಂದಿನ ವಾರ 'ಆಕ್ಷೇಪಣೆ'. ನಾಲ್ಕನೇ ವಾರ ತಂದ ಪದ 'ಸೇತುವೆ'.

"ಸೇತುವೆ ಗೊತ್ತಿಲ್ವಾ ನಿಮಗೆ?" ಹಿರಿಯಕ್ಕ ಕನ್ನಡಕದ ಮೇಲಿನಿಂದ ನೋಡಿದರು.

ಅವನು ಕಿವಿಯವರೆಗೂ ಕೆಂಪಾದ. ಅವನು ಹೋದ ಮೇಲೆ ಹಿರಿಯಕ್ಕ, "ಜರಡಮ್ಮ, ಹೊಟ್ಟು ನೋಡಿದ್ಯಾ?" ಎಂದರು.

"ನೋಡ್ತೀನಿ ಅಕ್ಕ," ಎಂದಳು. ನೋಡಲಿಲ್ಲ. ಮನಸ್ಸು ಎಣ್ಣೆಗಪ್ಪಿನ ಬೆರಳುಗಳ ಹಿಂದೆ ಹೋಗಿದ್ದರೆ ಕಣ್ಣು ತಾನೇ ಏನು ಓದೀತು?

ಅದರ ನಂತರದ ಸೋಮವಾರ ಬೆಳಿಗ್ಗೆ ಅವಳು ಕೊನೆಗೂ ಫೈಲು ತೆರೆದಳು. ನೂರಾ ಎಂಬತ್ತು ಸಾಲುಗಳು. ಎಪ್ಪತ್ತೆರಡನೆಯದರಲ್ಲಿ ಕಣ್ಣು ನಿಂತಿತು.

'ಕಾಲುವೆ ಅಗಲೀಕರಣ, ಪೂರ್ವ ದಡ. ತೆರವಾಗುವ ಕಟ್ಟಡಗಳು: ಮೂವತ್ತೊಂದು ಗೋದಾಮು. ವಾಸದ ಮನೆಗಳು: ಸೊನ್ನೆ.'

ಸೊನ್ನೆ...

ಕಾಲುವೆ ಪಕ್ಕದ ಗೋದಾಮು ಬೀದಿ, ಮೇಷ್ಟ್ರ ಬೀದಿ. ಮನೆಗಳ ಸಂಖ್ಯೆ ಸೊನ್ನೆ ಇದ್ದರೆ ಆ ಪ್ರಾಜೆಕ್ಟನ್ನು ಬೀಳಿಸು ಎಂಬ ನಿಯಮ ಅವಳದೇ. ಯಾರೂ ವಾಸವಿಲ್ಲದ ಜಾಗಕ್ಕೆ ಪತ್ರ ಯಾರಿಗೆ ಬರೆಯುವುದು ಎಂದು ಒಂದು ವರ್ಷದ ಹಿಂದೆ ಹೆಮ್ಮೆಯಿಂದ ಬರೆದಿದ್ದಳು. ಜರಡಿ ತನಗೆ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು.

ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ನೋಡಿದಳು. ಇದೇ ಗುರುವಾರ, ಸಂಜೆ ಐದು. ಅಷ್ಟರಲ್ಲಿ ಯಾರೂ ಬಾಯಿ ಬಿಡದಿದ್ದರೆ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಮೂವತ್ತೊಂದು ಸಂಸಾರಗಳು ಇಲ್ಲವೇ ಇಲ್ಲ ಎಂದಾಗುತ್ತದೆ. ಇಲ್ಲದವರಿಗೆ ಬೇರೆ ಮನೆಯನ್ನು ಯಾರು ಕೊಡುತ್ತಾರೆ?

ಅವಳಿಗೆ ತಾನು ಒಂಬತ್ತು ವರ್ಷದವಳಿದ್ದಾಗಿನ ನೆನಪು ಬಂತು. ಕಂಬಕ್ಕೆ ಅಂಟಿಸಿದ್ದ ನೋಟಿಸನ್ನು ಅಪ್ಪ ಗಟ್ಟಿಯಾಗಿ ಓದುತ್ತಿದ್ದ. ಓದಿ ಮುಗಿಸಿ ತಾರೀಖು ನೋಡಿ ಸುಮ್ಮನಾಗಿಬಿಟ್ಟ. ಅವಧಿ ಹಿಂದಿನ ದಿನವೇ ಮುಗಿದಿತ್ತು. ವಾರದಲ್ಲಿ ಅವರ ಮನೆ ಇರಲಿಲ್ಲ. ಇನ್ನೊಬ್ಬರಿಗೆ ಹಾಗಾಗಬಾರದು ಎಂದೇ ಅವಳು ಈ ಕುರ್ಚಿಯಲ್ಲಿ ಬಂದು ಕೂತಿದ್ದು. ಈಗ ಅದೇ ಕುರ್ಚಿಯಲ್ಲಿ ಕೂತು ಮೇಷ್ಟ್ರ ಮನೆಗೆ...

'ಇವತ್ತೇ ವೆಬ್‌ಸೈಟಿಗೆ ಬಂತು ಅಂದುಬಿಡಲೇ? ಯಾರಿಗೆ ಗೊತ್ತಾಗುತ್ತದೆ?'

ಆ ಯೋಚನೆ ಬಂದದ್ದೇ ಅವಳಿಗೆ ತನ್ನ ಮೇಲೆಯೇ ಹೆದರಿಕೆಯಾಯಿತು. ಎದ್ದು ಹಿರಿಯಕ್ಕನ ಮೇಜಿನ ಮುಂದೆ ನಿಂತು ಎಲ್ಲ ಹೇಳಿದಳು. ಹಿರಿಯಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮೊದಲು ಅವರಿಗೆ ಹೇಳು. ನೀನೇ ಹೋಗಿ ಹೇಳು," ಎಂದರು.

ಗೋದಾಮು ಬೀದಿಯ ಎತ್ತರದ ಕಬ್ಬಿಣದ ಬಾಗಿಲುಗಳ ಹಿಂದಿನಿಂದ ಹೊಲಿಗೆ ಮಿಷನ್‌ಗಳ ಸದ್ದು ಕೇಳುತ್ತಿತ್ತು. ಕಿಟಕಿಗಳಲ್ಲಿ ಒಣಗುವ ಬಟ್ಟೆ, ಮೆಟ್ಟಿಲ ಮೇಲೆ ಹಾಲಿನ ಪಾತ್ರೆ, ಮಕ್ಕಳ ಚಪ್ಪಲಿ. 'ಸೊನ್ನೆ' ಎಂದು ಬರೆದವರು ಒಂದು ಸಲ ಇಲ್ಲಿ ನಡೆದು ಹೋಗಿದ್ದರೆ ಸಾಕಿತ್ತು.

ಅವನು ಮನೆ ಮುಂದಿನ ರಿಪೇರಿ ಅಂಗಡಿಯಲ್ಲಿ ಮಿಷನ್ ಬಿಚ್ಚಿ ಹರಡಿಕೊಂಡು ಕೂತಿದ್ದ. ಅವಳನ್ನು ಕಂಡು ಮುಖ ಅರಳಿತು.

"ಇವತ್ತು ಶುಕ್ರವಾರ ಅಲ್ವಲ್ಲ..."

ಅವಳು ನಿಂತೇ ಹೇಳಿದಳು. ಕಾಲುವೆ, ಸೊನ್ನೆ, ತನ್ನ ನಿಯಮ, ಗುರುವಾರ. ಒಂದನ್ನೂ ಮುಚ್ಚಿಡಲಿಲ್ಲ.

"ಶುಕ್ರವಾರ ಹೊಟ್ಟು ಓದಬೇಕಿತ್ತು," ಎಂದಳು ಕೊನೆಗೆ. "ಓದಿದ್ರೆ ಒಂದು ತಿಂಗಳ ಹಿಂದೆನೇ ಗೊತ್ತಾಗ್ತಿತ್ತು. ಆದ್ರೆ ಶುಕ್ರವಾರ... ನೀವು ಬರ್ತಿದ್ರಿ."

ಅವಳು ಹೇಳಹೊರಟದ್ದು ಒಂದು, ಅವನ ಕಿವಿಗೆ ಬಿದ್ದದ್ದು ಇನ್ನೊಂದು. ಅವನ ಮುಖ ಬಾಡಿತು.

"ಹಾಗಾದ್ರೆ ನಾನು ಬರಬಾರದಿತ್ತು," ಎಂದು ತಲೆ ತಗ್ಗಿಸಿ ಬಿಡಿಭಾಗಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದ.

'ಹಾಗಲ್ಲ... ನಿಮ್ಮದು ತಪ್ಪು ಅಂತಲ್ಲ...' ಮಾತು ಬಾಯಿಗೆ ಬರುವಷ್ಟರಲ್ಲಿ ಅವನ ಅಕ್ಕ ಒಳಗಿನಿಂದ ಬಂದಳು. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಎಲ್ಲ ಕೇಳಿಸಿಕೊಂಡಿದ್ದಳು. ಸೂಜಿಗಳನ್ನು ತೆಗೆದು ಕೇಳಿದಳು: "ಹೀಗೆ ನಿಂತ್ರೆ ಗುರುವಾರ ಮುಂದಕ್ಕೆ ಹೋಗುತ್ತೇನಮ್ಮ? ಏನು ಬರೀಬೇಕು ಹೇಳು."

ಮನೆಮನೆ ಎಣಿಸಬೇಕಿತ್ತು. ಎಷ್ಟು ಜನ, ಎಷ್ಟು ವರ್ಷದಿಂದ, ಏನು ಕೆಲಸ. ಮಂಗಳವಾರ, ಬುಧವಾರ ಅವಳೂ ಅವನ ಅಕ್ಕನೂ ಬಾಗಿಲು ಬಾಗಿಲು ತಟ್ಟಿದರು. ಪ್ರತಿ ಬಾಗಿಲಲ್ಲೂ ಅವಳು ತಾನೇ ತನ್ನ ತಪ್ಪು ಹೇಳಿ ಆಮೇಲೆ ಫಾರಂ ತೆಗೆದಳು. ಕೆಲವರು ಬೈದರು. ಒಬ್ಬ ಮುದುಕಿ, "ನಮ್ಮನ್ನ ಹೊಟ್ಟು ಅಂದ್ಯಾ?" ಎಂದು ಕೇಳಿ ಬಾಗಿಲು ಹಾಕಿಕೊಂಡಳು. ಒಂದು ಗಂಟೆ ಬಿಟ್ಟು ತಾನೇ ತೆರೆದು, "ಬರ್ಕೋ, ಐದು ಜನ," ಎಂದಳು.

ಮೇಷ್ಟ್ರು ಮಾತ್ರ ಕಣ್ಣಿಗೆ ಬೀಳಲಿಲ್ಲ. ಅಂಗಡಿಗೆ ಬೀಗ. 'ನನ್ನ ಮುಖ ನೋಡಲೂ ಇಷ್ಟವಿಲ್ಲ,' ಎಂದುಕೊಂಡಳು. ಮನೆಯಲ್ಲಿ ಅಮ್ಮ ಬಡಿಸಿದ ಊಟ ತಟ್ಟೆಯಲ್ಲೇ ಆರಿತು.

ಗುರುವಾರ ಮಧ್ಯಾಹ್ನ ಹಿರಿಯಕ್ಕ ಬ್ಯಾಂಕಿನ ನಿಯಮವನ್ನು ಮತ್ತೊಮ್ಮೆ ಓದಿದರು. ಓದುತ್ತಲೇ ಅವರ ದನಿ ಸಣ್ಣದಾಯಿತು. ವಾಸಕ್ಕೆ ಪುರಾವೆ ಬೇಕು. ಬರೀ ಹೇಳಿಕೆ ಸಾಲದು.

ಗೋದಾಮಿನಲ್ಲಿ ಬಾಡಿಗೆಗೆ ಇರುವವರ ಹತ್ತಿರ ಯಾವ ಕಾಗದ ಇರುತ್ತದೆ? ಮಾಲೀಕರು ಮನೆಯೆಂದು ಒಪ್ಪಿಕೊಂಡಿದ್ದರೆ ತಾನೇ ಕಾಗದ?

ನಾಲ್ಕು ಗಂಟೆ. ನಾಲ್ಕೂಕಾಲು. ಮೂವತ್ತೊಂದು ಫಾರಂಗಳು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದವು. ಅಪ್ಪನ ಸುಮ್ಮನಾದ ಮುಖ ಮತ್ತೆ ಮತ್ತೆ ಕಣ್ಣ ಮುಂದೆ ಬಂತು.

ಬಾಗಿಲು ತೆರೆಯಿತು.

ಅವನೇ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಎಣ್ಣೆ ಕುಡಿದು ದಪ್ಪವಾದ ನಾಲ್ಕು ನೋಟ್‌ಬುಕ್ಕುಗಳು, ಒಂದು ಕಂತೆ ಕಾಗದ.

"ರಿಪೇರಿ ಪುಸ್ತಕ," ಎಂದ. "ಹನ್ನೆರಡು ವರ್ಷದ್ದು. ಯಾವ ಮನೆ, ಯಾರ ಮಿಷನ್, ಯಾವ ತಾರೀಖು, ಎಲ್ಲಾ ಇದೆ. ಮಿಷನ್ ವಾಪಸ್ ಕೊಟ್ಟಾಗ ಅವರ ಸಹಿನೂ ಇದೆ. ಮನೆ ಪ್ರಕಾರ ಬೇರೆ ಬೇರೆ ಮಾಡಿ ಬರ್ಕೊಂಡು ಬಂದೆ. ಮೂರು ದಿನ ಹಿಡೀತು. ಇದು ಆಗುತ್ತಾ?"

ಅವಳು ಪುಟ ತಿರುವಿದಳು. ಮನೆ ನಂಬರ್ ನಾಲ್ಕು, ಸೂಜಿ ಕೂರುವುದಿಲ್ಲ, ಸಹಿ. ಮನೆ ನಂಬರ್ ಹತ್ತೊಂಬತ್ತು, ಬೆಲ್ಟ್ ಹರಿದಿದೆ, ಹೆಬ್ಬೆಟ್ಟು. ಹನ್ನೆರಡು ವರ್ಷ ಒಂದು ಬೀದಿ ಬದುಕಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

"ಆಗುತ್ತೆ," ಎಂದಳು. ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು.

ಹಿರಿಯಕ್ಕ ಒಂದೊಂದೇ ಪುಟ ಸ್ಕ್ಯಾನ್ ಮಾಡಿದರು, ಅವಳು ಒಂದೊಂದಾಗಿ ಕಳಿಸಿದಳು, ಅವನು ಮನೆ ನಂಬರ್ ಕೂಗಿದ. ನಾಲ್ಕು ಐವತ್ತಮೂರಕ್ಕೆ ಪರದೆಯ ಮೇಲೆ ಸ್ವೀಕೃತಿ ಸಂಖ್ಯೆ ಬಂತು. ಹಿರಿಯಕ್ಕ ಮೂಗು ಒರೆಸಿಕೊಳ್ಳುತ್ತಾ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದರು.

"ನೀವು ಕೋಪ ಮಾಡ್ಕೊಂಡಿದ್ದೀರಿ ಅಂದ್ಕೊಂಡೆ," ಎಂದಳು ಅವಳು.

"ನನ್ ಮೇಲೇ ಕೋಪ. ಪದದ ಅರ್ಥ ಕೇಳೋ ನೆಪ ಮಾಡ್ಕೊಂಡು ನಿಮ್ಮ ಕೆಲಸ ಕೆಡಿಸ್ದೆ."

"ನೀವು ಕೆಡಿಸ್ಲಿಲ್ಲ. ನಾನೇ... ನೀವು ಬಂದ್ರೆ ಬೇರೆ ಏನೂ ಓದೋಕೆ ಆಗ್ತಿರ್ಲಿಲ್ಲ. ಅವತ್ತು ಹೇಳೋಕೆ ಬಂದಿದ್ದೂ ಅದೇ."

ಅವನು ನೋಟ್‌ಬುಕ್ಕುಗಳನ್ನು ಜೋಡಿಸಿದ, ಬಿಚ್ಚಿದ, ಮತ್ತೆ ಜೋಡಿಸಿದ.

ಐದು ವಾರ ಬ್ಯಾಂಕಿನಿಂದ ಸದ್ದಿಲ್ಲ. ಆ ಐದು ವಾರ ಅವಳು ಪ್ರತಿ ಬೆಳಿಗ್ಗೆ ಕಂಪ್ಯೂಟರ್ ಹಚ್ಚುವಾಗಲೂ ಉಸಿರು ಬಿಗಿಹಿಡಿದಳು. ಸೊನ್ನೆಯ ನಿಯಮವನ್ನು ತೆಗೆದು ಹಾಕಿದ್ದಳು. ಹೊಟ್ಟನ್ನು ಈಗ ದಿನವೂ ಓದುತ್ತಿದ್ದಳು. ಆರನೇ ವಾರ ಉತ್ತರ ಬಂತು: ಕಾಮಗಾರಿ ತಡೆಹಿಡಿಯಲಾಗಿದೆ, ಎರಡು ತಿಂಗಳಲ್ಲಿ ಜನ ಬಂದು ಮನೆಗಳನ್ನು ಮತ್ತೆ ಎಣಿಸುತ್ತಾರೆ, ಅಷ್ಟರಲ್ಲಿ ಬೀದಿಯವರು ತಮ್ಮ ವಿವರ ತುಂಬಿಡಬೇಕು. ಮನೆಗಳು ಉಳಿಯುತ್ತವೋ ಇಲ್ಲವೋ ಇನ್ನೂ ಗೊತ್ತಿಲ್ಲ. ಆದರೆ ಅಲ್ಲಿ ಮನೆಗಳೇ ಇಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಶುಕ್ರವಾರ ಅವಳು ಹೊಟ್ಟು ಪೂರ್ತಿ ಓದಿ ಮುಗಿಸುವವರೆಗೆ ಅವನು ಬಾಗಿಲ ಹೊರಗೇ ಕಾದಿದ್ದ. ಆಮೇಲೆ ಒಳಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತ.

ಅವಳು ಬ್ಯಾಂಕಿನ ಹೊಸ ಫಾರಂ ತೆಗೆದಳು. "ಮನೆ ನಂಬರ್ ಹನ್ನೊಂದು. ವಾಸ ಇರೋರು ಎಷ್ಟು ಜನ?"

"ಮೂರು."

"ನೀವು, ನಿಮ್ಮ ಅಕ್ಕ. ಇಬ್ಬರೇ ಅಲ್ವಾ?"

"ಅಕ್ಕ ಮೂರು ಅಂತ ಬರೆಸ್ಕೊಂಡು ಬಾ ಅಂದ್ಳು."

"ತಪ್ಪು ಮಾಹಿತಿ ಬರೆಯೋ ಹಾಗಿಲ್ಲ."

"ಎಣಿಸೋರು ಬರೋಕೆ ಇನ್ನೂ ಎರಡು ತಿಂಗಳಿದೆ." ಅವನ ದನಿ ನಡುಗುತ್ತಿತ್ತು. "ಅಷ್ಟರಲ್ಲಿ ನಿಜ ಮಾಡ್ಬಹುದಲ್ಲ..."

ಅವಳ ಎದೆ ಮತ್ತೆ ಧಸಕ್ಕೆಂದಿತು, ಮೊದಲ ದಿನದ ಹಾಗೆಯೇ. ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಮನೆ. ಅಲ್ಲಿಗೆ ಬಾ ಎಂದು ಕರೆಯುತ್ತಿದ್ದಾನೆ. ಹೆದರಿಕೆ ಇನ್ನೂ ಇತ್ತು. ಆದರೆ ಎದ್ದು ಹೋಗಬೇಕು ಅನ್ನಿಸಲಿಲ್ಲ.

"ಅರ್ಥ ಆಗ್ಲಿಲ್ಲ," ಎಂದಳು, ತಲೆ ಎತ್ತದೆ.

"ಕೇಳಿ. ನಾಚಿಕೆ ಬೇಡ."

ಒಳಗಿನ ಕೋಣೆಯಲ್ಲಿ ಹಿರಿಯಕ್ಕ ಕೆಮ್ಮಿದ್ದು ಕೇಳಿಸಿತು. ಅವಳು ಪೆನ್ನು ಕೆಳಗಿಟ್ಟು, ಡ್ರಾಯರಿನಿಂದ ಪೆನ್ಸಿಲ್ ತೆಗೆದು ಖಾಲಿ ಜಾಗದಲ್ಲಿ 'ಮೂರು' ಎಂದು ಬರೆದಳು.

"ಪೆನ್ಸಿಲ್ ಯಾಕೆ?" ಅವನ ಮುಖ ಇಳಿಯಿತು.

"ಇವತ್ತು ಮನೇಲಿ ಅಮ್ಮನಿಗೆ ಹೇಳ್ತೀನಿ," ಎಂದಳು. "ನಾಳೆ ಪೆನ್ನಲ್ಲಿ ಬರೀತೀನಿ."