ಬದಲಿ ಬರುವ ತನಕ

ಕರಿ ಇಂಜಿನು ಬೆಂಕಿ ಉಗುಳುತ್ತ ಕಾಡು ಸೀಳಿ ಬರುತ್ತಿದ್ದ ಕಾಲವೊಂದಿತ್ತಂತೆ. ಕಡಬದ ಆಚೆಯ ಪುಟ್ಟ ಹಂಚಿನ ಸ್ಟೇಷನ್ನಿನಲ್ಲಿ ಹಸಿರು ಬಾವುಟ ಬೀಸುವವನೊಬ್ಬನಿದ್ದನಂತೆ. ಬದಲಿ ಆಳು ಬಾರದೆ ಜಾಗ ಬಿಟ್ಟು ಕದಲಬಾರದೆಂಬುದು ರೈಲಿನವರ ಕಟ್ಟಳೆ. ಮೈ ಸುಡುವ ಜ್ವರದಲ್ಲೂ ಅವನು ಕದಲಲಿಲ್ಲ. ಬದಲಿ ಬರಲಿಲ್ಲ, ಪ್ರಾಣ ಹೋಯಿತು. ಅವನ ತಾಯಿ ರೈಲಿನವರ ಮೇಲಿನ ಸಿಟ್ಟಿನಲ್ಲಿ ಸಂಪಾಜೆ ಕಡೆಯ ಮಂತ್ರವಾದಿಯನ್ನು ಕರೆಸಿ, ಆ ಹೊಸ್ತಿಲಿಗೆ ಕಬ್ಬಿಣದ ಮೊಳೆ ಹೊಡೆಸಿದಳಂತೆ. ಬದಲಿಯವನನ್ನು ಹಿಡಿದುಕೊಳ್ಳದೆ ಮಗ ಅಲ್ಲಿಂದ ಹೊರಡಬಾರದು ಎಂದು.

"ಹಾಗಾಗಿ ಒಳಗಿಂದ ಯಾರಾದ್ರೂ 'ಬಂದ್ರಾ?' ಅಂತ ಕೇಳಿದ್ರೆ 'ಬಂದೆ, ನೀನು ಹೋಗು' ಅಂತ ಮಾತ್ರ ಹೇಳ್ಬೇಡಿ ಮಾರಾಯ್ರೆ," ಎಂದಳು ಹಳಿಯ ಪಕ್ಕ ಚಹಾ ಮಾರುವ ಮುದುಕಿ ಸೇವಂತಿ.

ಕಟ್ಟಡ ಕೆಡವಿಸಲು ಮೈಸೂರಿನಿಂದ ಬಂದಿದ್ದ ಇಂಜಿನಿಯರ್ ಪ್ರಸನ್ನ ನಕ್ಕ. "ಹೊಸ ಸ್ಟೇಷನ್ನಿಗೆ ಲಿಫ್ಟ್ ಹಾಕ್ತಿದೀವಿ ಅಜ್ಜಿ. ನಿಮ್ಮ ದೆವ್ವಾನೂ ಅದರಲ್ಲೇ ಓಡಾಡಲಿ ಬಿಡಿ."

ಜೆಸಿಬಿ ಓಡಿಸುವ ಶಿಹಾಬ್ ನಗಲಿಲ್ಲ. "ಒಳಗೆ ಹೋಗುದು ಎಂತಕೆ ಸರ್? ಇಲ್ಲಿಂದಲೇ ಬೀಳಿಸುವ."

"ಒಳಗೆ ಯಾರಾದ್ರೂ ಮಲಗಿದ್ರೆ? ನೋಡ್ಕೊಂಡು ಬರ್ತೀನಿ. ಹೊರಗೆ ಬಂದು ಕೈ ಎತ್ತಿದ ಕೂಡಲೇ ಕೆಡವು."

ನಡುಮಧ್ಯಾಹ್ನ. ಆದರೂ ಒಳಗೆ ಕತ್ತಲು ಹಸಿ ಕಂಬಳಿಯ ಹಾಗೆ ಜೋತುಬಿದ್ದಿತ್ತು. ಬಾವಲಿ ಹಿಕ್ಕೆಯ ಘಾಟು, ಹಳೆಯ ಸೀಮೆಎಣ್ಣೆಯ ಕಮಟು. ಅವೆರಡರ ಅಡಿಯಲ್ಲಿ, ಜ್ವರ ಬಂದ ಮೈಯ ಬೆವರಿನ ವಾಸನೆ.

"ಬಂದ್ರಾ?"

ದಣಿದ ದನಿ. ಯಾರೋ ಕೂಲಿಯವರ ಚೇಷ್ಟೆ ಎಂದುಕೊಂಡ ಪ್ರಸನ್ನ, ಬೇಕೆಂದೇ ಗಟ್ಟಿಯಾಗಿ ಕೂಗಿದ. "ಬಂದೆ ಕಣಪ್ಪ! ನೀನು ಹೋಗು!"

ಹೊಸ್ತಿಲಿನಿಂದ ಮೊಳೆಯೊಂದು ಟಣ್ಣನೆ ಕಿತ್ತು ಬಿತ್ತು.

ಬಾಗಿಲಿಗೆ ಓಡಿದ. ಹೊಸ್ತಿಲು ದಾಟಲು ಕಾಲೇಳಲಿಲ್ಲ. ಬಗ್ಗಿ ನೋಡಿಕೊಂಡ. ಮೈಮೇಲೆ ಖಾಕಿ ಅಂಗಿ. ಕೈಯಲ್ಲಿ ಹಸಿರು ಬಾವುಟ. ಹಣೆ ಸುಡುತ್ತಿತ್ತು. ಹೊರಗೆ, ಬಿಸಿಲಿನಲ್ಲಿ, ಅವನದೇ ಹೆಲ್ಮೆಟ್ಟು, ಅವನದೇ ಕಿತ್ತಳೆ ಜಾಕೀಟು ತೊಟ್ಟು ಅವನೇ ನಡೆದು ಹೋಗುತ್ತಿದ್ದ.

"ಶಿಹಾಬ್! ನಾನಿಲ್ಲಿದೀನಿ! ಬೇಡ ಕಣೋ!"

ದನಿಯೂ ಹೊಸ್ತಿಲು ದಾಟಲಿಲ್ಲ.

ಹೊರಗಿನವನು ಕೈ ಎತ್ತಿದ.

ಜೆಸಿಬಿ ಗುಡುಗಿತು. ಗೋಡೆ ನಡುಗಿತು. ಹಂಚು ಬಿತ್ತು. ತೊಲೆ ಬಿತ್ತು. ಬೆಳಕು ಹೋಯಿತು.

ಧೂಳು ಅಡಗಿದ ಮೇಲೆ ಕಿತ್ತಳೆ ಜಾಕೀಟಿನವನು ಚಹಾದಂಗಡಿಯ ಬೆಂಚಿನಲ್ಲಿ ಬಂದು ಕುಳಿತ. ತುಂಬ ಹೊತ್ತು ಸೇವಂತಿಯ ಮುಖವನ್ನೇ ನೋಡಿದ.

"ಎಂತ ಮಾರಾಯ್ತಿ, ತಲೆಯೆಲ್ಲ ಬೆಳ್ಳಗಾಗಿದೆ! ಚಾ ಉಂಟಾ?"

ಅವಳು ಲೋಟ ಕೈಗೆತ್ತಿಕೊಂಡಳು. ಸಿಟ್ಟಿನಲ್ಲಿ ಮಗನನ್ನೇ ಕಟ್ಟಿಹಾಕಿಬಿಟ್ಟ ಅಮ್ಮ, ಸಾಯುವಾಗ ಇದೇ ಕೈ ಹಿಡಿದು, ಅಣ್ಣನನ್ನು ಬಿಡಿಸುತ್ತೇನೆಂಬ ಮಾತು ತೆಗೆದುಕೊಂಡಿದ್ದಳು. ಬದಲಿ ಸಿಗದೆ ಕಟ್ಟಡ ಬಿದ್ದಿದ್ದರೆ ಅಣ್ಣ ಕಲ್ಲಿನಡಿಗೇ ಉಳಿಯುತ್ತಿದ್ದ. ನಗುವವನಿಗೆ ಬೇಡವೆಂದರೆ ಸಾಕು, ಅದನ್ನೇ ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು.

"ಉಂಟು, ಕುಕ್ಕಪ್ಪಣ್ಣ," ಎಂದಳು. "ನಿಧಾನಕ್ಕೆ ಕುಡಿ. ನಿನ್ನ ಬದಲಿ ಬಂದಾಯ್ತು."